ಕೋಳಿ ಲಸಿಕೆ ಕೆಡಿಸಿದ ಫ್ರಿಜ್ ಬಾಗಿಲ ರಬ್ಬರ್: ಮನೆಯಲ್ಲೇ ಬದಲಾಯಿಸೋದು ಹೇಗೆ?

ಶಿವರಾತ್ರಿ ಕಳೆದು ಬಿಸಿಲು ಏರ್ತಿದ್ದ ಹೊತ್ತು. ನ್ಯಾಮತಿ ತಾಲೂಕಿನ ನಮ್ಮ ಊರಿನ ಮನೆ ಹಿತ್ತಲಲ್ಲಿ ಅವ್ವ 64 ಕೋಳಿ ಸಾಕಿದ್ದಳು. ಏಳು ವಾರದ ಮರಿಗಳು, ಇನ್ನೊಂದು ಎರಡು ತಿಂಗಳಿಗೆ ಮಾರಾಟಕ್ಕೆ ಬರ್ತಿದ್ದವು. ಆ ದುಡ್ಡಲ್ಲಿ ತಂಗಿಯ ಹಾಸ್ಟೆಲ್ ಫೀಸು ಕಟ್ಟೋದು ಅಂತ ಅವ್ವನ ಲೆಕ್ಕ. ಒಂದು ಬೆಳಗ್ಗೆ ಎರಡು ಮರಿ ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ಕೂತಿದ್ದವು. ಮಾರನೇ ದಿನ ಹಸಿರು ಹಿಕ್ಕೆ, ಬಾಯಿ ತೆರೆದು ಉಸಿರಾಟ. ಮೂರನೇ ದಿನಕ್ಕೆ ಕತ್ತು ತಿರುಚಿಕೊಂಡು ಬೀಳೋಕೆ ಶುರು. ಒಂದೇ ವಾರದಲ್ಲಿ 41 ಹೋದವು.

ಪಶು ಡಾಕ್ಟರು ಬಂದು ಸತ್ತ ಒಂದು ಮರಿಯನ್ನ ಕೊಯ್ದು ನೋಡಿ, ‘ಇದು ರಾಣಿಖೇತ್’ ಅಂದ್ರು. ನನಗೆ ಸಿಟ್ಟೇ ಬಂತು.

‘ಲಸಿಕೆ ಹಾಕಿದ್ದೀವಲ್ಲ ಸಾರ್! ಏಳನೇ ದಿನಕ್ಕೆ ಕಣ್ಣಿಗೆ ಹನಿ, ಇಪ್ಪತ್ತೆಂಟನೇ ದಿನಕ್ಕೆ ನೀರಲ್ಲಿ. ಎರಡೂ ಆಗಿದೆ.’

‘ಎರಡನೇ ಬಾಟ್ಲಿ ಎಲ್ಲಿಟ್ಟಿದ್ರಿ?’

‘ಫ್ರಿಜ್‌ನಲ್ಲೇ ಸಾರ್. ಎರಡೂ ಒಟ್ಟಿಗೇ ತಂದಿದ್ದು.’

‘ಫ್ರಿಜ್ ತೋರಿಸಿ ನೋಡೋಣ.’

ಡಾಕ್ಟರು ಬಾಗಿಲು ತೆಗೀಲಿಲ್ಲ. ಕೆಳಗಿನ ಮೂಲೆ ಹತ್ತಿರ ಕೈ ಹಿಡಿದ್ರು. ‘ನೀವೂ ಹಿಡೀರಿ’ ಅಂದ್ರು. ತಣ್ಣನೆ ಗಾಳಿ ಸಣ್ಣಗೆ ಹೊರಗೆ ಬರ್ತಿತ್ತು. ಬಾಗಿಲ ಸುತ್ತ ಇರೋ ರಬ್ಬರ್ ಆ ಮೂಲೆಯಲ್ಲಿ ಸೀಳಿ, ಒಳಕ್ಕೆ ಮುದುರಿಕೊಂಡಿತ್ತು. ಲಸಿಕೆ ಇಟ್ಟಿದ್ದ ಜಾಗ ಕೇಳಿದ್ರು. ಬಾಗಿಲಲ್ಲಿರೋ ಮೊಟ್ಟೆ ತಟ್ಟೆ ಮೇಲೆ ಅಂದೆ. ಅವರು ತಮ್ಮ ಬ್ಯಾಗಿನ ಥರ್ಮಾಮೀಟರ್ ಅಲ್ಲಿಟ್ಟು, ಬಾಗಿಲು ಹಾಕಿ ಹತ್ತು ನಿಮಿಷ ಕಾದ್ರು. 14 ಡಿಗ್ರಿ ತೋರಿಸ್ತು. ಲಸಿಕೆಗೆ ಬೇಕಾದದ್ದು 2ರಿಂದ 8 ಡಿಗ್ರಿ.

ಲಸಿಕೆ ಕೆಲಸ ಮಾಡದೇ ಇರೋಕೆ ಬೇರೆ ಕಾರಣಗಳೂ ಇವೆ ಅಂತ ಡಾಕ್ಟರೇ ಹೇಳಿದ್ರು. ಅಂಗಡಿಯಿಂದ ತರುವಾಗ ಐಸ್ ಇಲ್ಲದಿದ್ರೆ, ಬ್ಲೀಚಿಂಗ್ ಪೌಡರ್ ಹಾಕಿದ ನಲ್ಲಿ ನೀರಲ್ಲಿ ಕಲಸಿದ್ರೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಕುಡಿಸದಿದ್ರೆ ಕೂಡ ಅದು ವ್ಯರ್ಥ. ಆದ್ರೆ ಈ ಮೂರರಲ್ಲಿ ನಾವು ತಪ್ಪು ಮಾಡಿರಲಿಲ್ಲ. ಮೂರು ವಾರ 14 ಡಿಗ್ರಿಯಲ್ಲಿ ಕೂತ ಬಾಟ್ಲಿ ಮಾತ್ರ ನಮ್ಮ ಕಣ್ಣೆದುರಿಗಿತ್ತು.

ಅವತ್ತಿನಿಂದ ಈವರೆಗೆ ನಾಲ್ಕು ಮನೆಯ ಫ್ರಿಜ್ ಬಾಗಿಲು ನೋಡಿದ್ದೀನಿ: ನಮ್ಮದು, ಹೊನ್ನಾಳಿಯ ಅತ್ತೆ ಮನೆಯದು, ಚನ್ನಗಿರಿ ಕಡೆಯ ಗೆಳೆಯನದು, ಜಗಳೂರಿನ ಅಕ್ಕನ ಮನೆಯದು. ನಾಲ್ಕೂ ಕಡೆ ತೊಂದರೆ ಬೇರೆ ಬೇರೆ. ಮೆಕ್ಯಾನಿಕ್ ಬೇಕಾಗಿದ್ದು ಎಲ್ಲೂ ಇಲ್ಲ. ಕಲಿತದ್ದನ್ನ ಇಲ್ಲಿ ಬರೀತಿದ್ದೀನಿ.

ಆ ರಬ್ಬರ್ ಮಾಡೋ ಕೆಲಸ ಏನು?

ನಾವು ರಬ್ಬರ್ ಅಂತೀವಿ, ಅಂಗಡಿಯಲ್ಲಿ ಡೋರ್ ಗ್ಯಾಸ್ಕೆಟ್ ಅಂತಾರೆ. ನಿಜಕ್ಕೂ ಅದು ಮೆತ್ತನೆಯ ಪಿವಿಸಿ. ಒಳಗೆ ಉದ್ದಕ್ಕೂ ಪಟ್ಟಿಯಂಥ ಮ್ಯಾಗ್ನೆಟ್ ಇರುತ್ತೆ. ಬಾಗಿಲು ಹತ್ತಿರ ಬಂದಾಗ ಫ್ರಿಜ್ಜಿನ ತಗಡಿಗೆ ‘ಟಪ್’ ಅಂತ ಅಂಟಿಕೊಳ್ಳೋದು ಆ ಮ್ಯಾಗ್ನೆಟ್‌ನಿಂದಲೇ. ಪಿವಿಸಿಯ ಟೊಳ್ಳು ಭಾಗ ಸ್ವಲ್ಪ ಅಮುಕಿಕೊಂಡು ಸಂದು ಮುಚ್ಚುತ್ತೆ.

ವರ್ಷ ಕಳೆದ ಹಾಗೆ ಪಿವಿಸಿಯನ್ನ ಮೆತ್ತಗಿಡೋ ಅಂಶ ಕಡಿಮೆಯಾಗಿ ಅದು ಗಡುಸಾಗುತ್ತೆ. ಒಗ್ಗರಣೆ ಹೊಗೆಯ ಜಿಡ್ಡು, ಬಿಸಿಲು, ಸೀಮೆಎಣ್ಣೆ ಬಟ್ಟೆಯಿಂದ ಒರೆಸೋ ಅಭ್ಯಾಸ, ಇಲಿ ಕಡಿತ ಎಲ್ಲ ಸೇರಿ ಅದರ ಆಯಸ್ಸು ಕಡಿಮೆ ಮಾಡ್ತವೆ. ಆಮೇಲೆ ಸೀಳುತ್ತೆ, ಇಲ್ಲವೇ ಮುದುರುತ್ತೆ.

ಸಂದು ಬಿಟ್ಟರೆ ಬಿಸಿ ಗಾಳಿಯ ಜೊತೆ ತೇವಾಂಶವೂ ಒಳಗೆ ಹೋಗುತ್ತೆ. ಆ ತೇವ ಫ್ರೀಜರ್‌ನಲ್ಲಿ ಐಸ್ ಆಗಿ ದಪ್ಪಗೆ ಕಟ್ಟುತ್ತೆ. ಐಸ್ ದಪ್ಪ ಆದಷ್ಟೂ ತಂಪು ಕೆಳಗಿನ ತಟ್ಟೆಗಳಿಗೆ ಇಳಿಯೋದಿಲ್ಲ. ಫ್ರೀಜರ್ ತುಂಬ ಐಸ್ ನೋಡಿ ‘ನಮ್ಮ ಫ್ರಿಜ್ ಭಾರಿ ಕೂಲಿಂಗ್’ ಅಂದ್ಕೊಂಡಿದ್ದೆ ನಾನು. ಅದು ಕಾಯಿಲೆಯ ಲಕ್ಷಣ ಅಂತ ಗೊತ್ತಾಗ್ಲಿಲ್ಲ.

ಬಿಲ್ ಸೊನ್ನೆ, ಯೂನಿಟ್ ಸೊನ್ನೆ ಅಲ್ಲ

ಮೊದಲಾದ್ರೆ ಕರೆಂಟ್ ಬಿಲ್ ಜಾಸ್ತಿ ಬಂದಾಗಲಾದ್ರೂ ಅನುಮಾನ ಬರ್ತಿತ್ತು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮ್ಮನೆಗೆ ಬಿಲ್ ಸೊನ್ನೆ. ಹಾಗಾಗಿ ಚೀಟಿಯನ್ನ ಯಾರೂ ಓದೋದೇ ಇಲ್ಲ. ಹಳೆ ಚೀಟಿಗಳನ್ನ ಹುಡುಕಿ ನೋಡಿದ್ರೆ ಮೂರು ತಿಂಗಳಿಂದ ನಮ್ಮ ಬಳಕೆ ತಿಂಗಳಿಗೆ ಇಪ್ಪತ್ತು ಯೂನಿಟ್ ಏರಿತ್ತು!

ಲೆಕ್ಕ ಸುಲಭ. 100 ವ್ಯಾಟ್ ಎಳೆಯೋ ಕಂಪ್ರೆಸರ್ ಬಿಡುವಿಲ್ಲದೆ 24 ಗಂಟೆ ಓಡಿದ್ರೆ ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72. ಸರಿಯಿರೋ ಫ್ರಿಜ್ ಓಡೋದು, ನಿಲ್ಲೋದು ಮಾಡ್ತಾ ಅದರ ಒಂದು ಪಾಲಿನಲ್ಲೇ ಕೆಲಸ ಮುಗಿಸುತ್ತೆ. ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬಾಗಿಲ ಮೇಲಿನ ಸ್ಟಾರ್ ಚೀಟಿಯಲ್ಲೇ ಬರೆದಿರುತ್ತೆ, ಹನ್ನೆರಡರಿಂದ ಭಾಗಿಸಿ ನೋಡಿ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು ಅನ್ನೋದೂ ನೆನಪಿರಲಿ. ಬಿಲ್ ಸೊನ್ನೆ ಬಂದ್ರೂ ಚೀಟಿಯಲ್ಲಿ ಯೂನಿಟ್ ಎಷ್ಟು ಅಂತ ಓದಿ.

ಮೊದಲು ಪರೀಕ್ಷೆ: ಒಂದು ನೋಟು, ಒಂದು ಮೊಬೈಲ್ ಸಾಕು

1. ನೋಟಿನ ಪರೀಕ್ಷೆ. ಹತ್ತು ರೂಪಾಯಿ ನೋಟನ್ನ ಅರ್ಧ ಒಳಗೆ, ಅರ್ಧ ಹೊರಗೆ ಇರೋ ಹಾಗೆ ಹಿಡಿದು ಬಾಗಿಲು ಹಾಕಿ. ಮೆಲ್ಲಗೆ ಎಳೀರಿ. ಸ್ವಲ್ಪ ಬಿಗಿಯಾಗಿ ಬಂದ್ರೆ ಸರಿ. ಸಲೀಸಾಗಿ ಜಾರಿ ಬಂದ್ರೆ ಅಲ್ಲಿ ಹಿಡಿತ ಇಲ್ಲ. ಗೇಣಿಗೊಂದರಂತೆ ನಾಲ್ಕೂ ಬದಿ ನೋಡ್ಬೇಕು. ಬಾಗಿಲು ತಿರುಗೋ ಕಡೆ, ಅಂದ್ರೆ ಹಿಂಜ್ ಬದಿಯನ್ನ ಮರೀಬೇಡಿ.

2. ಟಾರ್ಚ್ ಪರೀಕ್ಷೆ. ರಾತ್ರಿ ಮನೆಯ ಲೈಟ್ ಆರಿಸಿ, ಮೊಬೈಲ್ ಟಾರ್ಚ್ ಹಚ್ಚಿ ಒಳಗಿಟ್ಟು ಬಾಗಿಲು ಹಾಕಿ. ಎಲ್ಲಿ ಬೆಳಕಿನ ಗೆರೆ ಕಾಣುತ್ತೋ ಅಲ್ಲಿ ಸಂದು ಇದೆ. ಟಾರ್ಚನ್ನ ಮೇಲೆ, ಕೆಳಗೆ, ಎರಡೂ ಬದಿಗೆ ತಿರುಗಿಸಿಟ್ಟು ನೋಡಿ.

3. ವಿಡಿಯೋ ಪರೀಕ್ಷೆ. ಮೊಬೈಲ್‌ನಲ್ಲಿ ವಿಡಿಯೋ ಆನ್ ಮಾಡಿ ಒಳಗಿಟ್ಟು ಅರ್ಧ ನಿಮಿಷ ಬಾಗಿಲು ಮುಚ್ಚಿ. ಬಾಗಿಲು ಹಾಕಿದ ಕೂಡಲೇ ಒಳಗಿನ ಬಲ್ಬ್ ಆರುತ್ತಾ ಇಲ್ವಾ ಅಂತ ವಿಡಿಯೋದಲ್ಲಿ ಗೊತ್ತಾಗುತ್ತೆ. ಆರದಿದ್ರೆ ಸ್ವಿಚ್ ಕೆಟ್ಟಿದೆ ಅಥವಾ ಬಾಗಿಲು ಪೂರ್ತಿ ಕೂರ್ತಿಲ್ಲ. ಹಳೆ ಕಾಲದ ಬಲ್ಬ್ ಉರೀತಾನೇ ಇದ್ರೆ ಒಳಗೆ ಸಣ್ಣ ಒಲೆ ಇಟ್ಟ ಹಾಗೆ.

4. ಕಣ್ಣಿಗೆ ಕಾಣೋ ಗುರುತು. ಬಾಗಿಲ ಅಂಚಿನಲ್ಲಿ ನೀರ ಹನಿ, ರಬ್ಬರಿನ ಮಡಿಕೆಯಲ್ಲಿ ಕಪ್ಪು ಬೂಸ್ಟು, ಐಸ್ ಕರಗಿಸಿದ ಮೂರ್ನಾಲ್ಕು ದಿನಕ್ಕೇ ಮತ್ತೆ ದಪ್ಪ ಐಸ್, ಕಂಪ್ರೆಸರ್ ನಿಲ್ಲದೇ ಗುಂಯ್‌ಗುಡೋದು.

ಪರೀಕ್ಷೆ ಮಾಡದೆ ಹೊಸ ರಬ್ಬರ್ ತರಬೇಡಿ. ಯಾಕೆ ಅಂತ ಚನ್ನಗಿರಿ ಮತ್ತು ಜಗಳೂರಿನ ಕಥೆಯಲ್ಲಿ ಹೇಳ್ತೀನಿ.

ಸರಿಯಾದ ಗ್ಯಾಸ್ಕೆಟ್ ತರೋದು

ನಮ್ಮ ಜಿಲ್ಲೆ ದಾವಣಗೆರೆ ಆದ್ರೂ ನ್ಯಾಮತಿಯವರಿಗೆ ಶಿವಮೊಗ್ಗವೇ ಹತ್ತಿರ. ಮೊದಲ ಸಲ ನಾನು ‘190 ಲೀಟರ್ ಸಿಂಗಲ್ ಡೋರ್‌ದು ಕೊಡಿ’ ಅಂತ ಬಾಯಲ್ಲಿ ಹೇಳಿ ತಂದೆ. ಉದ್ದ ಎರಡು ಬೆರಳು ಕಮ್ಮಿ ಬಿತ್ತು. ಬಸ್ ಚಾರ್ಜು, ಒಂದು ದಿನದ ಕೆಲಸ ಎರಡೂ ದಂಡ. ನೀವು ಹೀಗೆ ಮಾಡಿ:

• ಫ್ರಿಜ್ ಒಳಗಿನ ಪಕ್ಕದ ಗೋಡೆಯಲ್ಲಿ ಅಥವಾ ಹಿಂಭಾಗದಲ್ಲಿ ಚೀಟಿ ಇರುತ್ತೆ. ಮಾಡೆಲ್ ನಂಬರ್ ಪೂರ್ತಿ ಕಾಣೋ ಹಾಗೆ ಫೋಟೋ ತೆಗೀರಿ. ಕೊನೆಯ ಒಂದು ಅಕ್ಷರ ಬದಲಾದ್ರೂ ರಬ್ಬರ್ ಬದಲಾಗಬಹುದು.
• ಟೇಪಿನಲ್ಲಿ ರಬ್ಬರಿನ ಉದ್ದ, ಅಗಲ ಅಳೆದು ಬರ್ಕೊಳ್ಳಿ. ಅಂಚಿನಿಂದ ಅಂಚಿಗೆ ಒಂದು ಅಳತೆ, ರಬ್ಬರ್ ಕೂತಿರೋ ಗಾಡಿಯಿಂದ ಗಾಡಿಗೆ ಇನ್ನೊಂದು ಅಳತೆ. ಗಾಡಿ ಅಂದ್ರೆ ಬಾಗಿಲ ಸುತ್ತ ಇರೋ ಸೀಳು.
• ಒಂದು ಮೂಲೆಯನ್ನ ಸ್ವಲ್ಪ ಎಬ್ಬಿಸಿ ರಬ್ಬರಿನ ಹಿಂಬದಿಯ ಆಕಾರದ ಫೋಟೋ ತೆಗೀರಿ. ಬಾಣದ ತುದಿಯಂಥ ಏಣು ಇದ್ರೆ ಅದು ಒತ್ತಿ ಕೂರಿಸೋ ಜಾತಿ. ಚಪ್ಪಟೆ ನಾಲಿಗೆ ಇದ್ದು ಅದರ ಕೆಳಗೆ ಸ್ಕ್ರೂ ಕಂಡ್ರೆ ಸ್ಕ್ರೂ ಜಾತಿ.
• ಎರಡೂ ಅಲ್ಲದೆ ಬಾಗಿಲಿಗೇ ಅಂಟಿಸಿಬಿಟ್ಟಿದ್ರೆ ಕಿತ್ತು ನೋಡೋಕೆ ಹೋಗಬೇಡಿ. ಅದು ಮೆಕ್ಯಾನಿಕ್ ಕೆಲಸ.
• ಡಬಲ್ ಡೋರ್ ಆದ್ರೆ ಮೇಲಿನ ಬಾಗಿಲಿಗೊಂದು, ಕೆಳಗಿನದಕ್ಕೊಂದು. ಕೆಟ್ಟಿರೋದು ಯಾವುದು ಅಂತ ತಿಳ್ಕೊಂಡು ಅದನ್ನಷ್ಟೇ ತನ್ನಿ.

ಈ ಫೋಟೋಗಳನ್ನ ಅಂಗಡಿಯವರಿಗೆ ವಾಟ್ಸಾಪ್ ಮಾಡಿ, ‘ಇದೆ’ ಅಂದ ಮೇಲೆ ಹೊರಡಿ. ಎರಡನೇ ಸಲ ಸರಿಯಾದದ್ದು 480 ರೂಪಾಯಿಗೆ ಸಿಕ್ತು. ಮಾಡೆಲ್ ಮೇಲೆ ಬೆಲೆ ಬದಲಾಗುತ್ತೆ.

ನ್ಯಾಮತಿ, ನಮ್ಮ ಮನೆ: ಒತ್ತಿ ಕೂರಿಸೋ ಜಾತಿ

ಕೆಲಸಕ್ಕೆ ಬೇಕಾದದ್ದು ಹಳೆ ಹಲ್ಲುಜ್ಜೋ ಬ್ರಷ್, ಪಾತ್ರೆ ಸೋಪಿನ ನೀರು, ಒಣ ಬಟ್ಟೆ, ಅಗಲ ಬಾಯಿಯ ಪಾತ್ರೆಯಲ್ಲಿ ಬಿಸಿನೀರು, ಸ್ವಲ್ಪ ವ್ಯಾಸಲೀನ್. ಒಂದು ಗಂಟೆ ಬಿಡುವು ಇಟ್ಕೊಳ್ಳಿ.

1. ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದ್ರೆ ಸಾಲದು. ಲಸಿಕೆ, ಔಷಧಿ ಇದ್ರೆ ಐಸ್ ಪ್ಯಾಕ್ ಇಟ್ಟ ಥರ್ಮೋಕೋಲ್ ಡಬ್ಬಿಗೆ ಹಾಕಿ. ಬಾಟ್ಲಿಗೆ ಪೇಪರ್ ಸುತ್ತಿ, ಐಸ್ ನೇರವಾಗಿ ತಾಗಬಾರದು.

2. ಐಸ್ ತಾನಾಗಿ ಕರಗಲಿ. ಚಾಕು, ಸ್ಕ್ರೂ ಡ್ರೈವರ್ ಹಾಕಿ ಕೆತ್ತಬೇಡಿ. ಫ್ರೀಜರ್ ಗೋಡೆಯೊಳಗೆ ಗ್ಯಾಸ್ ಹರಿಯೋ ಕೊಳವೆ ಇದೆ, ತೂತು ಬಿದ್ರೆ ಫ್ರಿಜ್ ಕಥೆ ಮುಗೀತು. ಈಚಿನ ಫ್ರಿಜ್‌ಗಳಲ್ಲಿ ಬರೋ ಆರ್600ಎ ಅನ್ನೋ ಗ್ಯಾಸ್ ನಮ್ಮ ಅಡುಗೆ ಗ್ಯಾಸಿನ ಜಾತಿಯದೇ, ಬೆಂಕಿ ಹತ್ತುತ್ತೆ.

3. ಹೊಸ ರಬ್ಬರನ್ನ ನೆನೆಸಿ. ಮಡಿಚಿ ಪ್ಯಾಕ್ ಮಾಡಿರೋದ್ರಿಂದ ಅಲ್ಲಲ್ಲಿ ಡೊಂಕು ಇರುತ್ತೆ. ಕೈ ಇಟ್ಟರೆ ತಾಳುವಷ್ಟು ಬಿಸಿನೀರಲ್ಲಿ ಹತ್ತು ನಿಮಿಷ ಬಿಟ್ಟರೆ ಮೆತ್ತಗಾಗಿ ನೇರ ಆಗುತ್ತೆ. ಕುದಿಯೋ ನೀರು ಬೇಡ.

4. ಹಳೆಯದನ್ನ ಕೀಳಿ. ಮೇಲಿನ ಒಂದು ಮೂಲೆಯಿಂದ ಹಿಡಿದು ಮೆಲ್ಲಗೆ ಎಳೆದ್ರೆ ಸುತ್ತಲೂ ಬಿಟ್ಟುಕೊಂಡು ಬರುತ್ತೆ. ಒಂದೇ ಸಲ ಜಗ್ಗಿದ್ರೆ ಬಾಗಿಲ ಪ್ಲಾಸ್ಟಿಕ್ ಒಡೆಯುತ್ತೆ.

5. ಗಾಡಿ ತೊಳೀರಿ. ಬ್ರಷ್‌ನಿಂದ ಉಜ್ಜಿ, ಒರೆಸಿ, ಪೂರ್ತಿ ಒಣಗಿಸಿ. ನಮ್ಮ ಗಾಡಿಯಲ್ಲಿ ಜೋಳದ ಹಿಟ್ಟು, ಸಕ್ಕರೆ, ಸತ್ತ ಇರುವೆ ಎಲ್ಲ ಇತ್ತು. ಕಸ ಉಳಿದ್ರೆ ಹೊಸ ರಬ್ಬರ್ ಪೂರ್ತಿ ಕೂರಲ್ಲ.

6. ಮೂಲೆ ಮೊದಲು, ಬದಿ ಆಮೇಲೆ. ಮೇಲಿನ ಎರಡು ಮೂಲೆ ಒತ್ತಿ ಕೂರಿಸಿ. ಆಮೇಲೆ ಕೆಳಗಿನ ಎರಡು. ನಂತರ ಪ್ರತಿ ಬದಿಯ ನಡುವಿನಿಂದ ಮೂಲೆ ಕಡೆಗೆ ಹೆಬ್ಬೆರಳಿನಿಂದ ಒತ್ತುತ್ತಾ ಹೋಗಿ. ಕೂತ ಕಡೆ ‘ಟಕ್’ ಅಂತ ತಿಳಿಯುತ್ತೆ. ಒಂದು ತುದಿಯಿಂದ ಎಳ್ಕೊಂಡು ಹೋದ್ರೆ ಕೊನೆಗೆ ಸಾಲಲ್ಲ, ಇಲ್ಲ ಮಿಕ್ಕಿ ಉಬ್ಬುತ್ತೆ.

7. ಹಿಂಜ್ ಬದಿಗೆ ವ್ಯಾಸಲೀನ್. ಬೆರಳಲ್ಲಿ ತೆಳ್ಳಗೆ ಸವರಿ. ಬಾಗಿಲು ಮುಚ್ಚುವಾಗ ಹೊಸ ರಬ್ಬರ್ ಅಲ್ಲಿ ಮುದುರಿ ಒಳಗೆ ಸುತ್ತಿಕೊಳ್ಳೋದು ಸಾಮಾನ್ಯ. ಜಾರುತ್ತಾ ಇದ್ರೆ ಮುದುರಲ್ಲ.

8. ಬಾಗಿಲು ಮುಚ್ಚಿ ಟೇಪ್ ಹಚ್ಚಿ ಎರಡು ಮೂರು ಗಂಟೆ ಬಿಡಿ. ರಬ್ಬರ್ ಆಕಾರಕ್ಕೆ ಬರುತ್ತೆ. ಆಮೇಲೆ ಮತ್ತೆ ನೋಟಿನ ಪರೀಕ್ಷೆ.

9. ಎಲ್ಲಾದ್ರೂ ಇನ್ನೂ ಸಂದು ಇದ್ರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನ ಅಲ್ಲಿ ಎರಡು ನಿಮಿಷ ಹಿಡಿದು, ಬೆರಳಿನಿಂದ ರಬ್ಬರನ್ನ ಹೊರಕ್ಕೆ ಎಳೆದು ಬಾಗಿಲು ಹಾಕಿ. ಬೆಂಕಿಕಡ್ಡಿ, ಲೈಟರ್ ಯಾವ ಕಾರಣಕ್ಕೂ ಬೇಡ.

ನನಗೆ ಕೆಳಗಿನ ಮೂಲೆ ಮೂರು ಸಲ ತೆಗೆದು ಹಾಕ್ಬೇಕಾಯ್ತು. ನಾಲ್ಕನೇ ಸಲ ನೋಟು ಬಿಗಿಯಾಗಿ ನಿಂತ್ಕೊಂಡಿತು. ಮಾರನೇ ದಿನ ನಡುವಿನ ತಟ್ಟೆಯಲ್ಲಿ ಥರ್ಮಾಮೀಟರ್ 5 ಡಿಗ್ರಿ ತೋರಿಸ್ತು. ಅವ್ವ ಏನೂ ಮಾತಾಡ್ಲಿಲ್ಲ. ಖಾಲಿ ಗೂಡಿನ ಕಡೆ ನೋಡಿ, ‘ಇದನ್ನ ಮೊದ್ಲೇ ಮಾಡ್ಬೋದಿತ್ತಲ್ಲೋ’ ಅಂದಳು ಅಷ್ಟೇ.

ಹೊನ್ನಾಳಿ, ಅತ್ತೆ ಮನೆ: ಸ್ಕ್ರೂ ಜಾತಿ

ಹೊನ್ನಾಳಿಯಲ್ಲಿ ತುಂಗಭದ್ರೆಯ ದಡಕ್ಕೆ ಹತ್ತಿರವೇ ಸೋದರತ್ತೆ ಮನೆ. ಅವರದ್ದು ಬಹಳ ಹಳೆ ಫ್ರಿಜ್, ಮಾವ ಕಬ್ಬು ಮಾರಿದ ವರ್ಷ ತಂದದ್ದಂತೆ. ಅತ್ತೆ ಎರಡು ಎಮ್ಮೆ ಹಾಲಿನಿಂದ ಬೆಣ್ಣೆ ತೆಗೆದು ಕೊಡ್ತಾರೆ. ಬೆಣ್ಣೆ ಮುಗ್ಗಲು ವಾಸನೆ ಬರ್ತಿದೆ ಅಂತ ಕೊಳ್ಳೋರು ವಾಪಸ್ ಕಳಿಸಿದ್ರಂತೆ. ‘ನಿನ್ನ ಫ್ರಿಜ್ ರಿಪೇರಿ ಮಾಡ್ಕೊಂಡೆ ಅಂತಲ್ಲೋ, ನಮ್ಮದೂ ನೋಡು ಬಾ’ ಅಂತ ಫೋನ್ ಬಂತು.

ಇಲ್ಲಿ ರಬ್ಬರಿನ ನಾಲಿಗೆ ಎತ್ತಿದ್ರೆ ಸುತ್ತಲೂ ಸ್ಕ್ರೂ. ಈ ಜಾತಿಯಲ್ಲಿ ಒಂದು ಮಾತು ನೆನಪಿಡಿ: ಸ್ಕ್ರೂಗಳನ್ನ ಸಡಿಲ ಮಾಡಿ, ಪೂರ್ತಿ ಬಿಚ್ಚಬೇಡಿ. ಬಾಗಿಲ ಒಳಗಿನ ಪ್ಲಾಸ್ಟಿಕ್ ಹಲಗೆಯನ್ನ ಹಿಡಿದಿರೋದೂ ಅವೇ ಸ್ಕ್ರೂಗಳು. ಎಲ್ಲ ಬಿಚ್ಚಿದ್ರೆ ಹಲಗೆ ಜಾರಿ ಬಾಗಿಲೇ ತಿರುಚಿಕೊಳ್ಳುತ್ತೆ. ಆಮೇಲೆ ಹೊಸ ರಬ್ಬರ್ ಹಾಕಿದ್ರೂ ಒಂದು ಮೂಲೆ ಸದಾ ಎದ್ದಿರುತ್ತೆ.

ಮೊದಲು ಮೇಲಿನ ಭಾಗದ ಸ್ಕ್ರೂಗಳನ್ನ ಎರಡು ಮೂರು ಸುತ್ತು ಸಡಿಲಿಸಿ. ಹಳೆ ರಬ್ಬರಿನ ನಾಲಿಗೆ ಎಳೆದು, ಹೊಸದರ ನಾಲಿಗೆಯನ್ನ ಹಲಗೆಯ ಹಿಂದಕ್ಕೆ ತೂರಿಸಿ. ಮೇಲೆ ಸ್ವಲ್ಪ ಬಿಗಿ ಮಾಡಿ. ಆಮೇಲೆ ಎರಡೂ ಬದಿ, ಕೊನೆಗೆ ಕೆಳಗೆ. ಎಲ್ಲ ಕೂತ ಮೇಲೆ ಬಾಗಿಲು ಮುಚ್ಚಿ, ನಾಲ್ಕು ಮೂಲೆ ಸಮ ಇದೆಯಾ ನೋಡಿ. ಒಂದು ಮೂಲೆ ಎದ್ದಿದ್ರೆ ಸ್ಕ್ರೂ ಸಡಿಲ ಇರುವಾಗಲೇ ಬಾಗಿಲನ್ನ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎದುರು ದಿಕ್ಕಿಗೆ ತಿರುಚಿ, ಆಮೇಲೆ ಬಿಗಿ ಮಾಡಿ. ತುಂಬ ಬಿಗಿ ಮಾಡಿದ್ರೆ ಹಳೆ ಪ್ಲಾಸ್ಟಿಕ್ ಬಿರುಕು ಬಿಡುತ್ತೆ. ನಾನು ಒಂದು ಕಡೆ ಬಿಟ್ಟಿಸಿದ್ದೀನಿ. ಅತ್ತೆ ದೊಡ್ಡ ಮನಸ್ಸು ಮಾಡಿ ಏನೂ ಅನ್ನಲಿಲ್ಲ.

ಚನ್ನಗಿರಿ, ಗೆಳೆಯನ ಮನೆ: ರಬ್ಬರ್ ಸರಿ, ಫ್ರಿಜ್ ಸರಿಯಿಲ್ಲ

ಸೂಳೆಕೆರೆ ಕಡೆಯ ಅಡಿಕೆ ತೋಟದವನು ನನ್ನ ಗೆಳೆಯ. ನಾನು ಹೇಳಿದ್ದು ಕೇಳಿ ಉತ್ಸಾಹದಲ್ಲಿ ಹೊಸ ಗ್ಯಾಸ್ಕೆಟ್ ತಂದು ತಾನೇ ಹಾಕಿದ್ದ. ಆದ್ರೂ ಸಂದು ಹೋಗಿರಲಿಲ್ಲ. ‘ನಿನ್ನ ಐಡಿಯಾ ಕೆಲ್ಸ ಮಾಡ್ಲಿಲ್ಲ ಕಣೋ’ ಅಂದ.

ಹೋಗಿ ನೋಡಿದ್ರೆ ಅಡಿಕೆ ಸುಗ್ಗಿಯಲ್ಲಿ ಚೀಲ ಇಡೋಕೆ ಜಾಗ ಬೇಕು ಅಂತ ಫ್ರಿಜ್ಜನ್ನ ಪಡಸಾಲೆ ಮೂಲೆಗೆ ತಳ್ಳಿದ್ರು. ಅಲ್ಲಿ ನೆಲ ಮುಂದಕ್ಕೆ ಇಳಿಜಾರು. ಅರ್ಧ ತೆಗೆದು ಬಿಟ್ಟ ಬಾಗಿಲು ಮುಚ್ಚೋ ಬದಲು ತಾನಾಗಿ ಇನ್ನೂ ತೆರ್ಕೊಳ್ತಿತ್ತು. ಮೇಲಾಗಿ ಬಾಗಿಲ ತಟ್ಟೆಯಲ್ಲಿ ಎರಡು ಲೀಟರಿನ ನಾಲ್ಕು ನೀರಿನ ಬಾಟ್ಲಿ. ಎಂಟು ಕೆಜಿ ಭಾರಕ್ಕೆ ಬಾಗಿಲು ಜೋತು ಬಿದ್ದು ಮೇಲಿನ ಮೂಲೆ ಬಿಟ್ಕೊಂಡಿತ್ತು.

ಮುಂದಿನ ಕಾಲುಗಳನ್ನ ತಿರುಗಿಸಿ ಫ್ರಿಜ್ ಮುಂಭಾಗವನ್ನ ಸ್ವಲ್ಪವೇ ಎತ್ತರ ಮಾಡಿದ್ವಿ. ಅರ್ಧ ತೆರೆದ ಬಾಗಿಲು ಕೈಬಿಟ್ಟರೆ ತಾನಾಗಿ ಮುಚ್ಚಿಕೊಳ್ಳಬೇಕು, ಅದೇ ಅಳತೆ. ಬಾಟ್ಲಿಗಳನ್ನ ಒಳಗಿನ ತಟ್ಟೆಗೆ ಇಟ್ವಿ, ಹಿಂಜ್ ಸ್ಕ್ರೂ ಬಿಗಿ ಮಾಡಿದ್ವಿ. ಹಳೆ ರಬ್ಬರನ್ನೇ ಮತ್ತೆ ಹಾಕಿ ನೋಡಿದ್ರೆ ಅದೂ ಚೆನ್ನಾಗೇ ಹಿಡೀತು! ಹೊಸದಕ್ಕೆ ಕೊಟ್ಟ ದುಡ್ಡು ಪಾಠಕ್ಕೆ ಕೊಟ್ಟ ಫೀಸು. ಫ್ರಿಜ್ ಹಿಂಭಾಗ ಗೋಡೆಗೆ ಒತ್ತಿಕೊಂಡಿತ್ತು, ಅದನ್ನೂ ಒಂದು ಗೇಣು ಮುಂದಕ್ಕೆ ಎಳೆದ್ವಿ. ಬಿಸಿ ಹೊರಹೋಗೋಕೆ ಜಾಗ ಬೇಕಲ್ಲ.

ಜಗಳೂರು, ಅಕ್ಕನ ಮನೆ: ತೊಳೆದ್ರೇ ಸಾಕಾಯ್ತು

ಜಗಳೂರು ನಮ್ಮ ಕಡೆಯ ಹಾಗಲ್ಲ, ಒಣ ಸೀಮೆ. ಮೆಕ್ಕೆಜೋಳ, ಶೇಂಗಾ ಒಕ್ಕೋ ದಿನಗಳಲ್ಲಿ ಧೂಳು ಮನೆಯೊಳಗೆಲ್ಲ ಬರುತ್ತೆ. ಅಕ್ಕನ ಮನೆ ಫ್ರಿಜ್ಜಿನ ರಬ್ಬರ್ ಮಡಿಕೆ ತುಂಬ ಜಿಡ್ಡು ಸೇರಿದ ಕೆಮ್ಮಣ್ಣು ಕಲ್ಲಿನ ಹಾಗೆ ಕೂತಿತ್ತು. ಮ್ಯಾಗ್ನೆಟ್ ತಗಡಿಗೆ ತಾಗೋಕೆ ಆ ಧೂಳಿನ ಪದರವೇ ಬಿಡ್ತಿರಲಿಲ್ಲ. ‘ಹೊಸಾದು ತರಾಕ ದಾವಣಗೇರಿಗೆ ಹೋಗ್ಬೇಕೇನಪಾ?’ ಅಂತ ಭಾವ ಕೇಳಿದ್ರು. ‘ಒಂದು ದಿನ ತಡೀರಿ ಭಾವ’ ಅಂದೆ.

ಉಗುರುಬೆಚ್ಚಗಿನ ಸೋಪು ನೀರು, ಬ್ರಷ್. ಬೂಸ್ಟು ಇದ್ದ ಕಡೆ ಅಡುಗೆ ಸೋಡಾ ನೀರಲ್ಲಿ ಕಲಸಿ ಹಚ್ಚಿ ಉಜ್ಜಿದೆ. ಎದುರಿಗಿರೋ ಫ್ರಿಜ್ ಅಂಚಿನ ತಗಡನ್ನೂ ಒರೆಸಿದೆ, ಬಹಳ ಜನ ಅದನ್ನ ಮರೀತಾರೆ. ಗಡುಸಾಗಿದ್ದ ಒಂದು ಬದಿಗೆ ಬಿಸಿ ಬಟ್ಟೆ ಹಿಡಿದು ಮೆತ್ತಗೆ ಮಾಡಿದೆ. ಕೊನೆಗೆ ತೆಳ್ಳಗೆ ವ್ಯಾಸಲೀನ್. ನೋಟು ನಿಂತಿತು. ಖರ್ಚು ಒಂದು ಹಳೆ ಬ್ರಷ್.

ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್, ಬ್ಲೀಚಿಂಗ್ ನೀರು ರಬ್ಬರಿಗೆ ತಾಗಿಸಬೇಡಿ. ಕ್ಲೀನ್ ಆದ ಹಾಗೆ ಕಂಡ್ರೂ ಪಿವಿಸಿಯನ್ನ ಬೇಗ ಹಾಳು ಮಾಡ್ತವೆ.

ರೈತನ ಫ್ರಿಜ್ಜಿಗೆ ಕೆಲವು ನಿಯಮ

ನಮ್ಮ ಫ್ರಿಜ್‌ನಲ್ಲಿ ಹಾಲು, ಸೊಪ್ಪಿನ ಜೊತೆ ಲಸಿಕೆ, ಬಿತ್ತನೆ ಬೀಜವೂ ಇರುತ್ತೆ. ಹಾಗಾಗಿ ಇಷ್ಟು ಮಾಡಿ:

• ಲಸಿಕೆ ಬಾಗಿಲಲ್ಲಿ ಬೇಡ, ಫ್ರೀಜರ್‌ನಲ್ಲೂ ಬೇಡ. ನಡುವಿನ ತಟ್ಟೆಯಲ್ಲಿ, ಮುಚ್ಚಳ ಇರೋ ಬೇರೆ ಡಬ್ಬಿಯಲ್ಲಿ ಇಡಿ. ಕಾಲುಬಾಯಿ ಜ್ವರದ ಲಸಿಕೆ ಹೆಪ್ಪುಗಟ್ಟಿದ್ರೆ ಕೆಲಸಕ್ಕೆ ಬರಲ್ಲ. ಡಬ್ಬಿ ಮೇಲೆ ತಂದ ದಿನ ಬರೀರಿ.
• ವೈರ್ ಇರೋ ಸಣ್ಣ ಡಿಜಿಟಲ್ ಥರ್ಮಾಮೀಟರ್ ತಂದು, ವೈರಿನ ತುದಿ ಲಸಿಕೆ ಡಬ್ಬಿಯಲ್ಲಿ, ಡಿಸ್‌ಪ್ಲೇ ಹೊರಗೆ ಇರೋ ಹಾಗೆ ಇಡಿ. ಬಾಗಿಲು ತೆಗೀದೇ ಓದಬಹುದು.
• ಖಾಲಿ ಜಾಗದಲ್ಲಿ ನೀರಿನ ಬಾಟ್ಲಿ ತುಂಬಿಸಿಡಿ. ಕರೆಂಟ್ ಹೋದಾಗ ತಂಪು ಹೆಚ್ಚು ಹೊತ್ತು ನಿಲ್ಲುತ್ತೆ. ಆ ಹೊತ್ತಲ್ಲಿ ಬಾಗಿಲು ತೆಗೀಬೇಡಿ.
• ಬೀಜವನ್ನ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ. ತೇವ ತಾಗಿದ್ರೆ ಮೊಳಕೆ ಶಕ್ತಿ ಹೋಗುತ್ತೆ.
• ಕ್ರಿಮಿನಾಶಕ, ಕಳೆನಾಶಕ ಯಾವತ್ತೂ ಫ್ರಿಜ್ ಒಳಗೆ ಬೇಡ. ಉಳಿದದ್ದು ಒಂದು ಮುಚ್ಚಳ ಆದ್ರೂ ಬೇಡ.
• ತಂಪು ಎಷ್ಟು ಹೊತ್ತು ಹೋಗಿತ್ತು ಅಂತ ಗೊತ್ತಿಲ್ಲದ ಲಸಿಕೆಯನ್ನ ‘ನೋಡೋಣ’ ಅಂತ ಹಾಕಬೇಡಿ. ಪಶು ಆಸ್ಪತ್ರೆಯಲ್ಲಿ ಕೇಳಿ, ಹೊಸದು ತನ್ನಿ.

ಕೆಟ್ಟ ಫ್ರಿಜ್ ಹಿತ್ತಲಲ್ಲಿ ಬಿದ್ದಿದ್ದರೆ

ಮೊದಲಿನ ಫ್ರಿಜ್‌ಗಳಿಗೆ ಹೊರಗಿನಿಂದ ಚಿಲಕ ಇರ್ತಿತ್ತು. ಆಟ ಆಡ್ತಾ ಒಳಗೆ ಹೊಕ್ಕ ಮಕ್ಕಳು ತೆಗೆಯೋಕಾಗದೆ ಉಸಿರುಗಟ್ಟಿ ಸತ್ತ ಪ್ರಕರಣಗಳಿಂದಾಗಿ ಅಮೆರಿಕದಲ್ಲಿ 1956ರಲ್ಲಿ ಕಾನೂನೇ ಬಂತು, ಬಾಗಿಲು ಒಳಗಿನಿಂದಲೂ ತೆಗೆಯೋ ಹಾಗಿರಬೇಕು ಅಂತ. ಚಿಲಕ ಹೋಗಿ ಮ್ಯಾಗ್ನೆಟ್ ರಬ್ಬರ್ ಬಳಕೆಗೆ ಬಂದದ್ದಕ್ಕೆ ಇದೂ ಒಂದು ಕಾರಣ. ನಮ್ಮೂರುಗಳಲ್ಲಿ ಹಳೆ ಫ್ರಿಜ್ಜನ್ನ ಬೀಜ ಇಡೋಕೆ, ಸಾಮಾನು ಇಡೋಕೆ ಹಿತ್ತಲಲ್ಲಿ ಇಟ್ಟಿರ್ತಾರೆ. ಮಕ್ಕಳಿರೋ ಮನೆಯಾದ್ರೆ ಮೊದಲು ಬಾಗಿಲು ಬಿಚ್ಚಿ ತೆಗೀರಿ.

ಈಗ ನಮ್ಮ ಮನೆಯಲ್ಲಿ

ಉಳಿದ 23 ಕೋಳಿಗಳಲ್ಲಿ ಹೇಂಟೆಗಳು ಮೊಟ್ಟೆಗೆ ಬಂದವು. ಗೂಡಿಗೆ ಸುಣ್ಣ ಬಳಿದು, ಒಂದಷ್ಟು ದಿನ ಖಾಲಿ ಬಿಟ್ಟು, ಅವ್ವ ಹೊಸ ಮರಿ ತಂದಳು. ಏಳನೇ ದಿನದ ಹನಿ, ಇಪ್ಪತ್ತೆಂಟನೇ ದಿನದ ನೀರು, ಎಂಟನೇ ವಾರದ ಚುಚ್ಚುಮದ್ದು ಮೂರೂ ಹೊತ್ತಿಗೆ ಸರಿಯಾಗಿ ಆಯ್ತು. ಎರಡನೇ ಬಾಟ್ಲಿಯನ್ನ ಮೊದಲೇ ತಂದಿಡೋದು ಬಿಟ್ಟೆ, ಬೇಕಾದ ದಿನವೇ ಐಸ್ ಡಬ್ಬಿಯಲ್ಲಿ ತರ್ತೀನಿ.

ತಂಗಿಯ ಆ ಸಲದ ಫೀಸಿಗೆ ಕೈಸಾಲ ಮಾಡಬೇಕಾಯ್ತು. ಅದನ್ನ ತೀರಿಸಿದ್ದು ಈ ಸಲದ ಹುಂಜಗಳು.

ಅವ್ವ ಪ್ರತಿ ತಿಂಗಳು ಅಮಾವಾಸ್ಯೆಗೆ ಮನೆ ತೊಳೆಯುವಾಗ ಫ್ರಿಜ್ ರಬ್ಬರನ್ನೂ ಸೋಪು ನೀರಲ್ಲಿ ಒರೆಸ್ತಾಳೆ. ಆಮೇಲೆ ಸೆರಗಿನ ಗಂಟಿಂದ ಹತ್ತು ರೂಪಾಯಿ ನೋಟು ತೆಗೆದು ಬಾಗಿಲಿಗೆ ಸಿಕ್ಕಿಸಿ ಎಳೆದು ನೋಡ್ತಾಳೆ. ಇವತ್ತು ರಾತ್ರಿ ನೀವೂ ನಿಮ್ಮ ಮನೆಯಲ್ಲಿ ಒಂದು ಸಲ ಎಳೆದು ನೋಡಿ.